ಐದು ವರ್ಷ ದಾಟಿದ ಡಿಶ್‌ವಾಶರ್: ತುಂಬೆ ನೀರು, ಕರಿಬೇವಿನ ದಂಟು ಮತ್ತು ಹದಿನೇಳು ಸಾವಿರದ ಎಸ್ಟಿಮೇಟು

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಯಂತ್ರಕ್ಕೆ ಐದರಲ್ಲಿ ನಾಲ್ಕು. ಅದನ್ನು ಮಾರಿದ ಕಂಪೆನಿಯ ಸರ್ವಿಸಿಗೆ ಒಂದೂವರೆ. ನಮ್ಮ ಮಂಗಳೂರಿನದೇ ಪಡೀಲ್ ಕಡೆಯಿಂದ ಬರುವ ಮೆಕ್ಯಾನಿಕ್‌ಗೆ ನಾಲ್ಕೂವರೆ. ಅರ್ಧ ಅಂಕ ಯಾಕೆ ಕಡಿದೆ ಎಂದು ಆಮೇಲೆ ಹೇಳುತ್ತೇನೆ. ಕಂಪೆನಿಯ ಹೆಸರು ಬರೆಯುವುದಿಲ್ಲ. ನೆಂಟರ ಮನೆಗಳಲ್ಲಿ ಬೇರೆ ಬೇರೆ ಹೆಸರಿನ ಯಂತ್ರಗಳುಂಟು, ಸರ್ವಿಸಿನ ಕತೆ ಮಾತ್ರ ಎಲ್ಲ ಕಡೆ ಒಂದೇ.

2020ರ ಲಾಕ್‌ಡೌನಿನಲ್ಲಿ ಕೆಲಸದವರು ಬರುವುದು ನಿಂತಾಗ ಊರೆಲ್ಲ ಡಿಶ್‌ವಾಶರ್ ಹುಡುಕಿತು, ನಾವೂ ಹುಡುಕಿದೆವು. ಹದಿಮೂರು ಮಂದಿಯ ಪಾತ್ರೆ ಹಿಡಿಯುವ, ಎದುರಿನಿಂದ ಬಾಗಿಲು ತೆರೆಯುವ ಮಾಡೆಲ್. ಬಿಜೈಯ ಮನೆಯಲ್ಲಿ ನಾನು, ಹೆಂಡತಿ, ತೊಂಬತ್ತರ ಹತ್ತಿರದ ಅಮ್ಮ. ಭಾನುವಾರ ಅಣ್ಣನ ಮನೆಯವರೂ ಬಂದರೆ ಪಾತ್ರೆಗೆ ಲೆಕ್ಕವಿಲ್ಲ. ನಾನು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪಂಪು, ವಾಲ್ವು, ಹೀಟರು ನನಗೆ ಹೊಸತಲ್ಲ. ಡಿಶ್‌ವಾಶರ್ ಎಂದರೆ ಅಷ್ಟೇ ಮಾರಾಯ್ರೆ: ನೀರು ಒಳಬಿಡುವ ಒಂದು ವಾಲ್ವು, ಅದನ್ನು ಬಿಸಿ ಮಾಡುವ ಒಂದು ಹೀಟರು, ಮೇಲಕ್ಕೆ ಚಿಮ್ಮಿಸುವ ಒಂದು ಪಂಪು, ಹೊರಗೆ ಹಾಕುವ ಇನ್ನೊಂದು ಪಂಪು. ಇವಕ್ಕೆ ಸರದಿ ಹೇಳುವ ಒಂದು ಬೋರ್ಡು. ಇದರಲ್ಲಿ ಯಾವುದು ಕೆಟ್ಟಿದೆ ಎಂದು ಗೊತ್ತಾಗುವ ಮೊದಲೇ ಎಸ್ಟಿಮೇಟು ಬರೆಯುವವರನ್ನು ನಂಬಬಾರದು ಎಂಬುದೇ ಈ ಬರಹದ ವಿಷಯ.

ನೀರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೆಚ್ಚು ಹಣ ವ್ಯರ್ಥವಾಗುವುದು ಅಲ್ಲಿ. ಯಂತ್ರದ ಜೊತೆ ಬಂದ ಪುಸ್ತಕ, ಯೂಟ್ಯೂಬು, ಬೆಂಗಳೂರಿನಲ್ಲಿರುವ ತಂಗಿ, ಎಲ್ಲರದ್ದೂ ಒಂದೇ ಪಾಠ: ಉಪ್ಪು ಹಾಕಿ. ತಂಗಿಯ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಕ್ಯಾಲ್ಸಿಯಂ ಮೆಗ್ನೀಷಿಯಂ ತುಂಬಿದ ಗಡಸು ನೀರು. ಯಂತ್ರದೊಳಗೆ ಒಂದು ರಾಳದ ಡಬ್ಬಿ ಇರುತ್ತದೆ. ಅದು ಈ ಗಡಸನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಅದನ್ನು ತೊಳೆದು ಮತ್ತೆ ತಯಾರು ಮಾಡುವುದಕ್ಕೆ ಉಪ್ಪುನೀರು ಬೇಕು. ಪಾತ್ರೆ ತೊಳೆಯುವುದಕ್ಕೂ ಆ ಉಪ್ಪಿಗೂ ನೇರ ಸಂಬಂಧವಿಲ್ಲ. ಅವಳಿಗೆ ಉಪ್ಪು ಬೇಕೇ ಬೇಕು. ನಮಗೆ?

ನಮ್ಮದು ಮುರಕಲ್ಲಿನ ನೆಲ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನಲ್ಲಿ ಸುರಿಯುವ ಮಳೆ ಈ ಕೆಂಪು ಕಲ್ಲಿನಲ್ಲಿ ಇಳಿದು ಬಾವಿಗೆ ಬರುವಾಗ ಅದಕ್ಕೆ ಸುಣ್ಣದ ಅಂಶ ಸಿಗುವುದೇ ಕಡಿಮೆ. ನಗರಕ್ಕೆ ಬರುವುದು ತುಂಬೆ ಅಣೆಕಟ್ಟಿನ ನೇತ್ರಾವತಿ ನೀರು, ಅದೂ ಘಟ್ಟದಿಂದ ಇಳಿದದ್ದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಹಾಕಿ ಗಡಸು ಅಳೆಯುವ ಸಣ್ಣ ಕಿಟ್ ತಂದು ಎರಡನ್ನೂ ನೋಡಿದೆ. ಎರಡೂ ಮೆದು ನೀರೇ. ಟಿಡಿಎಸ್ ಪೆನ್ನು ನಂಬಿಕೊಂಡು ಕೂರಬೇಡಿ; ಅದು ಕರಗಿದ ಎಲ್ಲವನ್ನೂ ಸೇರಿಸಿ ಹೇಳುತ್ತದೆ, ಗಡಸನ್ನು ಮಾತ್ರ ಅಲ್ಲ. ಯಂತ್ರದ ಮೃದುಕಾರಕದ, ಅಂದರೆ ಆ ರಾಳದ ಡಬ್ಬಿಯ, ಸೆಟ್ಟಿಂಗನ್ನು ಅತಿ ಕೆಳಕ್ಕೆ ಇಳಿಸಿದೆ. ನಮ್ಮ ಮಾಡೆಲಿನಲ್ಲಿ ಉಪ್ಪಿನ ದೀಪವೇ ಆರಿಹೋಯಿತು. ಅಂದಿನಿಂದ ಉಪ್ಪಿನ ಪ್ಯಾಕೆಟು ತಂದಿಲ್ಲ.

ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಫ್ಲ್ಯಾಟಿನಲ್ಲಿದ್ದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವವರು ಮೊದಲು ಪರೀಕ್ಷೆ ಮಾಡಿ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಒಳಗೆ ಕಂದು ಕಲೆ ಕೂರುತ್ತದೆ, ಅದಕ್ಕೆ ಸಿಟ್ರಿಕ್ ಆಸಿಡ್ ಹಾಕಿ ಖಾಲಿ ಓಡಿಸಿದರೆ ಹೋಗುತ್ತದೆ. ಉಳ್ಳಾಲ, ಬೆಂಗ್ರೆ ಕಡೆ ಸಮುದ್ರದ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಹತ್ತಿದರೆ ಅದು ಬೇರೆಯೇ ತೊಂದರೆ, ಸ್ಟೀಲಿಗೂ ತೂತು ಬೀಳುತ್ತದೆ.

ಮೆದು ನೀರಿಗೂ ಒಂದು ದೋಷ ಉಂಟು, ಅದನ್ನು ಮಾರುವವರು ಯಾರೂ ಹೇಳುವುದಿಲ್ಲ. ಟ್ಯಾಬ್ಲೆಟ್‌ಗಳನ್ನು ಗಡಸು ನೀರನ್ನೂ ಎಣಿಸಿ ತಯಾರಿಸಿರುತ್ತಾರೆ. ಮೆದು ನೀರಿನಲ್ಲಿ ಆ ಕ್ಷಾರದಲ್ಲಿ ಅರ್ಧಕ್ಕೆ ಕೆಲಸವೇ ಇಲ್ಲ, ಅದು ಗಾಜನ್ನು ತಿನ್ನಲು ತೊಡಗುತ್ತದೆ. ಅಣ್ಣನ ಮನೆಯ ಗಾಜಿನ ಲೋಟಗಳೆಲ್ಲ ಮಂಜು ಕವಿದ ಹಾಗೆ ಆಗಿದ್ದವು. ಅವನು ಗಡಸು ನೀರಿನ ಬಿಳಿ ಎಂದುಕೊಂಡು ಇನ್ನಷ್ಟು ಉಪ್ಪು, ಇನ್ನಷ್ಟು ಟ್ಯಾಬ್ಲೆಟ್. ಲಿಂಬೆ ಹೋಳಿನಿಂದ ಒಂದು ಲೋಟ ಉಜ್ಜಿ ನೋಡಿದೆ: ಬಿಳಿ ಹೋದರೆ ಅದು ಸುಣ್ಣ, ಹೋಗದಿದ್ದರೆ ಗಾಜೇ ಸವೆದಿದೆ ಎಂದರ್ಥ. ಹೋಗಲಿಲ್ಲ. ಸವೆದ ಗಾಜು ಮತ್ತೆ ಹೊಳೆಯುವುದಿಲ್ಲ. ನಾನು ಟ್ಯಾಬ್ಲೆಟ್ ಬಿಟ್ಟು ಪುಡಿ ಬಳಸುವುದು ಇದೇ ಕಾರಣಕ್ಕೆ, ಅಳತೆ ನಮ್ಮ ಕೈಯಲ್ಲಿರುತ್ತದೆ. ಒಂದು ದೊಡ್ಡ ಚಮಚಕ್ಕಿಂತ ಕಡಿಮೆ ಸಾಕು, ಮೀನಿನ ದಿನ ಸ್ವಲ್ಪ ಹೆಚ್ಚು.

ನೀರಿನ ಒತ್ತಡದ ಬಗ್ಗೆ ಎರಡು ಮಾತು. ಒಂದು ಬಾರ್ ಒತ್ತಡಕ್ಕೆ ಹತ್ತು ಮೀಟರ್ ಎತ್ತರದ ನೀರು ಬೇಕು. ಹೆಚ್ಚಿನ ಯಂತ್ರಗಳು ಕೇಳುವುದು ಕನಿಷ್ಠ ಅರ್ಧ ಬಾರ್, ಅಂದರೆ ಐದು ಮೀಟರ್. ಒಂದೇ ಅಂತಸ್ತಿನ ಮನೆಯಲ್ಲಿ ತಾರಸಿ ಮೇಲೆ ಟ್ಯಾಂಕಿಯನ್ನು ನೆಲಕ್ಕೇ ಕೂರಿಸಿದ್ದರೆ ಅದು ಸಿಗುವುದಿಲ್ಲ. ಯಂತ್ರ ನೀರು ಬರುತ್ತಿಲ್ಲ ಎಂದು ದೂರುತ್ತದೆ, ನೀವು ವಾಲ್ವು ಬದಲಿಸುತ್ತೀರಿ, ಮತ್ತೆ ಅದೇ ದೂರು. ಟ್ಯಾಂಕಿ ಎತ್ತರಿಸಿ ಅಥವಾ ಸಣ್ಣ ಬೂಸ್ಟರ್ ಪಂಪು ಹಾಕಿ. 2019ರ ಬೇಸಿಗೆಯ ಹಾಗೆ ತುಂಬೆಯಲ್ಲಿ ನೀರು ಇಳಿದು ರೇಷನ್ ಬಂದಾಗ ಟ್ಯಾಂಕಿಯ ತಳದ ಕೆಸರು ಕೂಡ ಪೈಪಿಗೆ ಬರುತ್ತದೆ. ಒಳಬರುವ ಪೈಪು ಕೂರುವ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಜಾಲರಿ ಉಂಟು. ನಲ್ಲಿ ಬಂದ್ ಮಾಡಿ, ಪೈಪು ತಿರುಗಿಸಿ, ಜಾಲರಿ ಎಳೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಇದಕ್ಕೆ ವಿಸಿಟ್ ಚಾರ್ಜು ಕೊಟ್ಟವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ.

ಈಗ ನಮ್ಮ ಅಡುಗೆ. ಪುಸ್ತಕ ಬರೆದವರಿಗೆ ಒಗ್ಗರಣೆ ಗೊತ್ತಿಲ್ಲ. ಸಾಸಿವೆ ಕಾಳಿನ ಗಾತ್ರ ಮತ್ತು ನೀರು ಚಿಮ್ಮುವ ತೋಳಿನ ತೂತಿನ ಗಾತ್ರ ಹೆಚ್ಚುಕಡಿಮೆ ಒಂದೇ. ಜಾಲರಿ ಸರಿಯಾಗಿ ಕೂರದೆ ಸ್ವಲ್ಪ ಎದ್ದಿದ್ದರೆ ಸಾಸಿವೆ ನೇರ ತೋಳಿಗೆ ಹೋಗಿ ತೂತಿನಲ್ಲಿ ಕೂರುತ್ತದೆ. ಮೇಲಿನ ತಟ್ಟೆಯ ಲೋಟಗಳು ಮಾತ್ರ ಕೊಳೆಯಾಗಿ ಬರುತ್ತಿದ್ದರೆ ಮೊದಲು ಮೇಲಿನ ತೋಳನ್ನು ಕಳಚಿ ಬೆಳಕಿಗೆ ಹಿಡಿದು ನೋಡಿ. ತೂತು ಬಿಡಿಸುವುದಕ್ಕೆ ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿಗಿಂತ ಒಳ್ಳೆಯ ಸಾಧನ ಇಲ್ಲ. ಸೂಜಿ, ತಂತಿ ಬೇಡ, ತೂತು ಅಗಲವಾಗುತ್ತದೆ. ತೋಳನ್ನು ಅಲ್ಲಾಡಿಸಿದಾಗ ಒಳಗೆ ಕಟಕಟ ಸದ್ದು ಬಂದರೆ ಇನ್ನೂ ಕಾಳು ಉಂಟು ಎಂದರ್ಥ.

ಕುಚ್ಚಲಕ್ಕಿ ಗಂಜಿಯ ತಿಳಿ ಇನ್ನೊಂದು. ಒಂದು ಅಗುಳು ಏನೂ ಮಾಡುವುದಿಲ್ಲ, ಆದರೆ ತಿಳಿಯೂ ಮೀನಿನ ಜಿಡ್ಡೂ ಸೇರಿ ಸಣ್ಣ ಜಾಲರಿಯ ಮೇಲೆ ಒಂದು ಪೊರೆ ಕಟ್ಟುತ್ತದೆ. ನೀರು ಕೆಳಗೆ ಇಳಿಯದೆ ಪಂಪಿಗೆ ಗಾಳಿ ಸಿಗುತ್ತದೆ. ಸದ್ದು ಬದಲಾಗುತ್ತದೆ, ಗುಳುಗುಳು ಅನ್ನುತ್ತದೆ. ಹಾಗಾಗಿ ಫಿಲ್ಟರ್ ತಿರುಗಿಸಿ ತೆಗೆದು ಬಿಸಿ ನೀರು, ಸೋಪು, ಮೆದು ಬ್ರಶ್ಶಿನಲ್ಲಿ ವಾರಕ್ಕೊಮ್ಮೆ ತೊಳೆಯಲೇಬೇಕು. ಪಾತ್ರೆಯನ್ನು ಮೊದಲೇ ತೊಳೆದು ಇಡುವ ಅಗತ್ಯ ಇಲ್ಲ. ಮುಳ್ಳು, ಸೊಪ್ಪು, ಕರಿಬೇವು ಕೊಡವಿ ಹಾಕಿದರೆ ಸಾಕು. ಪುಡಿಯಲ್ಲಿರುವ ಕಿಣ್ವಗಳಿಗೆ ತಿನ್ನಲು ಏನಾದರೂ ಬೇಕು. ನೀರು ಎಷ್ಟು ಕೊಳೆಯಾಗಿದೆ ಎಂದು ನೋಡುವ ಸೆನ್ಸರ್ ಇರುವ ಯಂತ್ರಕ್ಕೆ ತೊಳೆದ ಪಾತ್ರೆ ಕೊಟ್ಟರೆ ಅದು ಇಷ್ಟೇ ಸಾಕು ಅಂತ ಬೇಗ ಮುಗಿಸುತ್ತದೆ. ತಿಂಗಳಿಗೊಮ್ಮೆ 70 ಡಿಗ್ರಿಯ ಪ್ರೋಗ್ರಾಮಿನಲ್ಲಿ ಪುಡಿ ಹಾಕಿ ಖಾಲಿ ಓಡಿಸುತ್ತೇನೆ, ಸುಣ್ಣಕ್ಕಲ್ಲ, ಜಿಡ್ಡಿಗೆ.

ಮಣ್ಣಿನ ಬಿಸಲೆ, ಕಬ್ಬಿಣದ ಕಾವಲಿ, ಚಿಪ್ಪಿನ ಸೌಟು, ಅಲ್ಯೂಮಿನಿಯಂ ಕುಕ್ಕರ್ ಇವು ಒಳಗೆ ಹೋಗುವುದಿಲ್ಲ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಬಿಸಲೆ ಕ್ಷಾರ ಕುಡಿದು ಮುಂದಿನ ಗಸಿಗೆ ಬಿಡುತ್ತದೆ. ಅಮ್ಮನಿಗೆ ಇದು ದೊಡ್ಡ ಸಮಾಧಾನ. "ಹಾಗಾದ್ರೆ ಮುಖ್ಯವಾದ್ದೆಲ್ಲ ಕೈಯಲ್ಲೇ ತೊಳೀಬೇಕಲ್ಲ, ಮತ್ತೆ ಇದು ಯಾಕೆ?" ಎಂದು ಈಗಲೂ ಕೇಳುತ್ತಾರೆ.

ಮೊದಲ ದೊಡ್ಡ ತೊಂದರೆ ಬಂದಾಗ ನಾನು ಮಗನ ಮನೆಗೆ ಮಸ್ಕತ್‌ಗೆ ಹೋಗಿದ್ದೆ. ಯಂತ್ರ ನಡುವೆ ನಿಂತು, ತಳದಲ್ಲಿ ಕೊಳೆ ನೀರು, ಪರದೆಯಲ್ಲಿ ನೀರು ಹೊರಹೋಗುತ್ತಿಲ್ಲ ಎಂಬ ಕೋಡು. ಹೆಂಡತಿ ಕಂಪೆನಿಗೆ ಫೋನ್ ಮಾಡಿದಳು. ಬಂದ ಹುಡುಗ ಬಾಗಿಲು ತೆರೆದ, ಮುಚ್ಚಿದ, ಬಟನ್ ಒತ್ತಿದ, ಟ್ಯಾಬಿನಲ್ಲಿ ಬರೆದ.

"ಮೇಡಂ, ಪಂಪು ಹೋಗಿದೆ, ಬೋರ್ಡೂ ಡೌಟು. ಹದಿನೇಳು ಸಾವಿರದ ನಾನೂರು ಆಗ್ತದೆ. ಹೊಸದು ತಗೊಂಡ್ರೆ ಎಕ್ಸ್‌ಚೇಂಜ್ ಉಂಟು."

ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. "ನೀವು ಆ ಫಿಲ್ಟರ್ ತೆಗ್ದು ನೋಡ್ಲೇ ಇಲ್ಲ ಅಲ್ವಾ? ಮತ್ತೆ ಉತ್ತರ ಎಲ್ಲಿಂದ ಬಂತು?" ಎಂದಳಂತೆ. ಅವನು ವಿಸಿಟ್ ಚಾರ್ಜು ತೆಗೆದುಕೊಂಡು ಹೋದ.

ಆಮೇಲೆ ವಿಡಿಯೋ ಕಾಲಿನಲ್ಲಿ ಅವಳೇ ಮಾಡಿದಳು, ನಾನು ಹೇಳುತ್ತಾ ಹೋದೆ. ಪ್ಲಗ್ ತೆಗೆ. ಲೋಟದಲ್ಲಿ, ಮತ್ತೆ ಸ್ಪಂಜಿನಲ್ಲಿ ನೀರು ಖಾಲಿ ಮಾಡು. ಸಿಂಕಿನ ಅಡಿಯಲ್ಲಿ ಪೈಪು ಮಡಚಿದೆಯಾ ನೋಡು. ಫಿಲ್ಟರ್ ತೆಗೆ. ಗ್ಲೌಸ್ ಹಾಕಿಕೊ, ಒಡೆದ ಗಾಜು ಇರಬಹುದು. ತಳದ ಗುಳಿಯಲ್ಲಿ ಒಂದು ಬಿಳಿ ಮುಚ್ಚಳ ಕಾಣ್ತದಲ್ಲ, ಚಮಚದ ಹಿಡಿಯಿಂದ ಮೀಟು. ಮುಚ್ಚಳದ ಹಿಂದೆ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ, ಅದಕ್ಕೆ ಸುತ್ತಿಕೊಂಡ ಕರಿಬೇವಿನ ಒಂದು ದಂಟು, ದಂಟಿಗೆ ತೆಂಗಿನ ನಾರು. ಎಳೆದು ತೆಗೆದ ಮೇಲೆ ಬೆರಳಲ್ಲಿ ತಿರುಗಿಸಲು ಹೇಳಿದೆ. "ಜರ್ಕ್ ಜರ್ಕಾಗಿ ತಿರುಗ್ತದೆ, ಕೆಟ್ಟಿದೆಯಾ?" ಎಂದು ಕೇಳಿದಳು. ಇಲ್ಲ, ಅದು ಹಾಗೆಯೇ. ಈ ಪಂಪುಗಳ ರೋಟರ್ ಅಯಸ್ಕಾಂತದ್ದು, ಸರಾಗವಾಗಿ ತಿರುಗುವುದಿಲ್ಲ, ಹಂತ ಹಂತವಾಗಿ ಹಾರುತ್ತದೆ. ಇದನ್ನು ತಿಳಿಯದೆ ಎಷ್ಟು ಪಂಪುಗಳು ಗುಜರಿಗೆ ಹೋಗಿವೆಯೋ. ಮುಚ್ಚಳ ಕೂರಿಸಿ ಚಾಲೂ ಮಾಡಿದಳು, ನೀರು ಹೋಯಿತು.

ಎರಡನೆಯದು ನಿಜವಾದ ರೋಗ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ. ಪ್ರೋಗ್ರಾಮು ಮುಗಿದರೂ ಪಾತ್ರೆ ತಣ್ಣಗೆ, ಒದ್ದೆ, ಪುಡಿ ಅರ್ಧ ಕರಗಿ ಡಬ್ಬಿಯಲ್ಲೇ ಅಂಟಿಕೊಂಡಿದೆ. ಅಂದರೆ ನೀರು ಬಿಸಿಯಾಗುತ್ತಿಲ್ಲ. ಪ್ಲಗ್ ತೆಗೆದು ಹೀಟರಿನ ಎರಡು ತುದಿಗೆ ಮೀಟರ್ ಹಿಡಿದೆ. 230 ವೋಲ್ಟಿನಲ್ಲಿ 2,000 ವ್ಯಾಟ್ ಹೀಟರಿಗೆ 26 ಓಮ್ ಆಸುಪಾಸು ಬರಬೇಕು, ಬಂತು. ಹೀಟರಿನಿಂದ ಅರ್ತಿಂಗಿಗೆ ಸೋರಿಕೆ ಇಲ್ಲ. ಇದ್ದಿದ್ದರೆ ಕರೆಂಟು ಸೋರಿದಾಗ ತಾನೇ ಕಡಿಯುವ ಮನೆಯ ಸ್ವಿಚ್ಚು, ಆರ್‌ಸಿಸಿಬಿ, ಬೀಳುತ್ತಿತ್ತು. ಉಳಿದದ್ದು ಬೋರ್ಡಿನಿಂದ ಹೀಟರಿಗೆ ಕರೆಂಟು ಬಿಡುವ ರಿಲೇ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಇಲ್ಲಿ ಕೈ ಹಾಕಬೇಡಿ. ಪಾತ್ರೆ ತಣ್ಣಗೆ ಬರುತ್ತಿದೆ ಎಂದು ಹೇಳಿದರೆ ಸಾಕು, ತಿಳಿದವನಿಗೆ ದಾರಿ ಗೊತ್ತಾಗುತ್ತದೆ.

ಕಂಪೆನಿಯವರು ಹೊಸ ಬೋರ್ಡಿಗೆ ಹನ್ನೊಂದು ಸಾವಿರ ಚಿಲ್ಲರೆ ಹೇಳಿದರು, ಹಾಕುವ ಕೂಲಿ ಬೇರೆ. ಪಡೀಲಿನವರು ಬಂದು ಬೋರ್ಡು ಬಿಚ್ಚಿ ಟಾರ್ಚ್ ಹಿಡಿದು ನಕ್ಕರು. "ನೋಡಿ ಸರ್, ಇಷ್ಟಕ್ಕೆ ಬೋರ್ಡ್ ಚೇಂಜ್ ಮಾಡ್ಲಿಕ್ಕೆ ಹೇಳಿದ್ದಾ?" ರಿಲೇಯ ಕಾಲಿನ ಸುತ್ತ ಬೆಸುಗೆ ಸುಟ್ಟು ಕಪ್ಪಾಗಿತ್ತು, ಪಕ್ಕದಲ್ಲಿ ಸತ್ತ ಇರುವೆಗಳ ಒಂದು ಗುಪ್ಪೆ. ಮಳೆಗಾಲದಲ್ಲಿ ಬೋರ್ಡಿನ ಬಿಸುಪಿಗೆ ಇರುವೆ, ಹಲ್ಲಿ ಬಂದು ಸೇರುವುದು ಇಲ್ಲಿ ಸಾಮಾನ್ಯ ಎಂದರು. ರಿಲೇ ಬದಲಿಸಿ, ಸುಟ್ಟ ದಾರಿಗೆ ದಪ್ಪ ತಂತಿ ಕೂರಿಸಿ, ತೇವ ತಾಗದ ಹಾಗೆ ಮೇಲೆ ವಾರ್ನಿಶ್ ಬಳಿದು ತಂದರು. 1,800 ರೂಪಾಯಿ. ಕೇಳುವ ಮೊದಲೇ ಹಳೆಯ ರಿಲೇಯನ್ನು ಪೊಟ್ಟಣದಲ್ಲಿ ಕೊಟ್ಟರು. "ಗ್ಯಾರಂಟಿ ನಾನು ಮೂರು ತಿಂಗಳದ್ದು ಮಾತ್ರ ಕೊಡುದು ಸರ್. ಎರಡು ವರ್ಷ ಹೋದ್ರೆ ನಿಮ್ಗೆ ಲಾಭ." ಇಷ್ಟು ನೇರವಾಗಿ ಮಾತಾಡುವವರು ಅಪರೂಪ. ಆದರೆ ಹೇಳಿದ ದಿನಕ್ಕೆ ಬೋರ್ಡು ತರಲಿಲ್ಲ, ಫೋನ್ ಎತ್ತಲಿಲ್ಲ, ಬಿಲ್ ಇಲ್ಲ. ಆ ಅರ್ಧ ಅಂಕ ಹೋದದ್ದು ಅಲ್ಲಿ.

ಹಾಗಾದರೆ ಯಾವಾಗ ರಿಪೇರಿ, ಯಾವಾಗ ಬಿಡುವುದು? ಹೊಸದರ ಅರ್ಧ ಬೆಲೆ ದಾಟಿದರೆ ಬಿಡಿ ಎಂಬ ಲೆಕ್ಕ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕ ಯಾವ ಭಾಗ ಕೆಟ್ಟಿದೆ ಎಂಬುದರ ಮೇಲೆ. ನೀರು ಬಿಡುವ ವಾಲ್ವು, ಹೊರಹಾಕುವ ಪಂಪು, ಬಾಗಿಲಿನ ರಬ್ಬರು, ಸ್ಪ್ರಿಂಗು, ತಳದ ಫ್ಲೋಟ್ ಸ್ವಿಚ್ಚು: ಇವನ್ನು ಯಂತ್ರಕ್ಕೆ ಎಂಟು ವರ್ಷ ಆಗಿದ್ದರೂ ಹಾಕಿಸಿ. ಬೋರ್ಡು ಕೆಟ್ಟರೆ ಹೊಸ ಬೋರ್ಡಿನ ಮೊದಲು ಬೆಸುಗೆ ಕೆಲಸ ಗೊತ್ತಿರುವವರಿಗೆ ಒಮ್ಮೆ ತೋರಿಸಿ. ಹೀಟರ್ ಒಳಗೇ ಕೂಡಿಸಿದ ದೊಡ್ಡ ಪಂಪು ಇರುವ ಮಾಡೆಲ್‌ಗಳಲ್ಲಿ ಹೀಟರ್ ಹೋದರೆ ಪಂಪಿನ ಸಮೇತ ಬದಲಿಸಬೇಕು. ಅಲ್ಲಿ ಬೆಲೆ ಕೇಳಿ, ಯಂತ್ರದ ವಯಸ್ಸು ನೋಡಿ ಯೋಚಿಸಿ. ತೊಟ್ಟಿಯ ಸ್ಟೀಲಿಗೇ ತೂತು ಬಿದ್ದರೆ, ತಳದ ಪ್ಲಾಸ್ಟಿಕ್ ಬಿರಿದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ತಳದಲ್ಲಿ ನೀರು ಸೋರಿ ಫ್ಲೋಟ್ ಎದ್ದು ಯಂತ್ರ ನಿಂತಿದ್ದರೆ ಕೂಡಲೇ ಗಾಬರಿ ಬೇಡ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಯಾರಾದರೂ ಹಾಕಿದ್ದಾರಾ ಎಂದು ಮನೆಯವರನ್ನು ಕೇಳಿ. ನೊರೆ ಬಾಗಿಲಿನಿಂದ ಹೊರಬಂದು ಕೆಳಗೆ ಇಳಿಯುವುದು ಸಾಮಾನ್ಯ. ತಳ ಒಣಗಿಸಿದರೆ ಯಂತ್ರ ಮೊದಲಿನ ಹಾಗೆ.

ಹೊಸದು ತೆಗೆದುಕೊಳ್ಳುವುದಾದರೆ ಹಳೆಯ ಬೆಲೆಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಶರ್ ಮೇಲಿನ ಜಿಎಸ್‌ಟಿ 28 ಶೇಕಡದಿಂದ 18ಕ್ಕೆ ಇಳಿದಿದೆ. ರಿಪೇರಿಯ ದೊಡ್ಡ ಎಸ್ಟಿಮೇಟು ಕೈಯಲ್ಲಿರುವವರಿಗೆ ತೆರಿಗೆಯ ಈ ಇಳಿಕೆ ಸಣ್ಣದಲ್ಲ. ಎಕ್ಸ್‌ಚೇಂಜಿನಲ್ಲಿ ನಮ್ಮದಕ್ಕೆ ಅಂಗಡಿಯವರು ಹೇಳಿದ್ದು ಎರಡು ಸಾವಿರ. ಓಡುವ ಯಂತ್ರಕ್ಕೂ ಅಷ್ಟೇ, ಓಡದ್ದಕ್ಕೂ ಅಷ್ಟೇ.

ಸದ್ಯ ನಮ್ಮದರಲ್ಲಿ ಉಳಿದಿರುವ ತೊಂದರೆ ಕೆಳಗಿನ ರ‍್ಯಾಕಿನದ್ದು. ಪ್ಲಾಸ್ಟಿಕ್ ಲೇಪ ಸುಲಿದಲ್ಲೆಲ್ಲ ತುಕ್ಕು, ಸ್ಟೀಲ್ ಬಟ್ಟಲಿಗೆ ಕಂದು ಚುಕ್ಕೆ. ಹೊಸ ರ‍್ಯಾಕಿಗೆ ಆರು ಸಾವಿರ ಹೇಳಿದರು. ಸಿಲಿಕಾನ್ ಟ್ಯೂಬ್ ಒಂದು ಮೀಟರ್ ತಂದು, ತುಂಡು ಮಾಡಿ, ತುಕ್ಕು ಉಜ್ಜಿದ ಕಡ್ಡಿಗಳಿಗೆ ತೊಡಿಸಿದ್ದೇನೆ. ಬಿಸಿ ನೀರಿಗೆ ಜಗ್ಗಲಿಲ್ಲ. ಮುಂದಿನ ಯಂತ್ರ ನೋಡಲು ಹೋಗುವಾಗ ನಾನು ಅಂಗಡಿಯಲ್ಲಿ ಕೇಳುವುದು ವಾರಂಟಿ ಎಷ್ಟು ವರ್ಷ ಎಂದಲ್ಲ. ಫಿಲ್ಟರ್ ತೆಗೆದು ತೋರಿಸಿ, ಹೊರಹಾಕುವ ಪಂಪಿನ ಮುಚ್ಚಳಕ್ಕೆ ಮೇಲಿನಿಂದ ಕೈ ಹೋಗುತ್ತದಾ ತೋರಿಸಿ, ಸರ್ವಿಸಿನವರು ಮಂಗಳೂರಿನಲ್ಲೇ ಇದ್ದಾರಾ, ಅಥವಾ ಬೇರೆ ಊರಿನಿಂದ ವಾರಕ್ಕೊಮ್ಮೆ ಬರುವುದಾ ಹೇಳಿ.